ಹಸಿರಿನ ಮೇಲೆ ಹಸಿರು

ನಾನು ಒಂದು ಡ್ರೋನ್.

ಕಥೆಗಳಲ್ಲಿ ಹಾರುವವರೆಲ್ಲ ಚೆಂದದ ಜಾಗದಲ್ಲಿ ಹುಟ್ಟುತ್ತಾರೆ. ಒಬ್ಬರು ಮೊಟ್ಟೆಯೊಳಗೆ, ಒಬ್ಬರು ಕಮಲದೊಳಗೆ, ಇನ್ನೊಬ್ಬರು ಯಾರದೋ ತಪಸ್ಸಿನ ಬೆಂಕಿಯೊಳಗೆ. ನಾನು ಹುಟ್ಟಿದ್ದು ಉದ್ದನೆಯ ಮೇಜಿನ ಮೇಲೆ, ಕಣ್ಣು ಕೋರೈಸುವ ಬಿಳಿ ದೀಪದ ಕೆಳಗೆ. ಕೈಗವಸು ತೊಟ್ಟ ಬೆರಳುಗಳು ನನಗೆ ನಾಲ್ಕು ತೋಳು ಜೋಡಿಸಿದವು, ತೋಳಿನ ತುದಿಗೊಂದೊಂದು ಗಿರಗಿಟ್ಟಲೆ ಸಿಕ್ಕಿಸಿದವು, ಹೊಟ್ಟೆಯ ಕೆಳಗೆ ಒಂದೇ ಒಂದು ಕಣ್ಣು ಇಟ್ಟವು. ಆ ಬೆರಳುಗಳು ಯಾರವೋ ಕಾಣೆ. ಕಣ್ಣು ತೆರೆಯುವಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ಬಿತ್ತು. ಆಮೇಲೆ ಕತ್ತಲು, ಕುಲುಕಾಟ, ಮತ್ತೆ ಕತ್ತಲು. ಆಕಾಶ ಎಂಬುದೊಂದಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಆದರೂ ಅದರ ಕನಸು ಬೀಳುತ್ತಿತ್ತು.

ಪೆಟ್ಟಿಗೆ ತೆರೆದವನು ಚಿದಾನಂದ. ಕೃಷ್ಣೆಯ ದಂಡೆಯಿಂದ ತುಸು ದೂರದ ಪೇಟೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಮದುವೆ, ಮುಂಜಿವೆ, ಜವಳ, ಮೆರವಣಿಗೆ ಎಲ್ಲಕ್ಕೂ ಅವನೇ ಬೇಕು. ಸ್ಟುಡಿಯೋದ ಮಾಳಿಗೆಯ ಮೇಲೆ ನನ್ನನ್ನಿಟ್ಟು, ಕೈಮುಗಿದು, ಗುಂಡಿ ಒತ್ತಿದ. ನನ್ನ ಗಿರಗಿಟ್ಟಲೆಗಳು ತಿರುಗಿದವು. ನೆಲ ನನ್ನನ್ನು ಬಿಟ್ಟಿತು. ಕಾಗೆಗಳು ಬೆನ್ನಟ್ಟಿದವು, ನಾನು ಹೆದರಿ ಇನ್ನೂ ಮೇಲೇರಿದೆ. ಊರು ರಂಗೋಲಿಯ ಹಾಗೆ ಚಿಕ್ಕದಾಯಿತು. ಆ ದಿನದಷ್ಟು ಸಂತೋಷ ಮತ್ತೆಂದೂ ಆಗಲಿಲ್ಲ.

ಹಾರುವವರಿಗೆಲ್ಲ ಒಂದೊಂದು ಶಾಪವಿರುತ್ತದಂತೆ. ನನ್ನ ಶಾಪ ಏನೆಂದು ಮೊದಲ ಮದುವೆಯಲ್ಲೇ ತಿಳಿಯಿತು. ಮೇಲಿದ್ದಾಗ ನನ್ನದೇ ಸದ್ದು ನನ್ನ ಕಿವಿಗಡಚಿಕ್ಕುತ್ತದೆ. ಯಾರು ಏನಂದರೂ ಕೇಳುವುದಿಲ್ಲ. ಕೆಳಗೆ ಕೂತಾಗ ಎಲ್ಲ ಕೇಳುತ್ತದೆ, ಆದರೆ ನೋಡಲು ಸಿಗುವುದು ಎದುರಿನ ಚಪ್ಪಲಿ ಮಾತ್ರ. ಆ ಮದುವೆಯಲ್ಲಿ ಚಿದಾನಂದ ನನ್ನನ್ನು ತೀರ ಕೆಳಕ್ಕೆ ತಂದ. ಮದುಮಗನ ಬಾಸಿಂಗ ಹಾರಿಹೋಯಿತು. ಅಕ್ಷತೆ ದಿಕ್ಕಾಪಾಲಾಯಿತು. ಕೆಳಗೆ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಹರಸುತ್ತಿದ್ದಾರೆ ಎಂದುಕೊಂಡೆ. ಇಳಿದ ಮೇಲೆ ಗೊತ್ತಾಯಿತು.

“ಏ ಚಿದ್ಯಾ, ನಿನ್ನ ಹದ್ದು ಮದಲ ಕೆಳಗ ಇಳಸೋ! ಅಕ್ಕಿಕಾಳು ನನ್ನ ಮೂಗಿನಾಗ ಹೊಕ್ಕಾವು!” ಎಂದು ಒಬ್ಬ ಹಿರಿಯರು ಚೀರುತ್ತಿದ್ದರು.

ಹೀಗೆ ಕೆಲವು ವರ್ಷ ಕಳೆದವು. ಸೀರೆ, ಪೇಟ, ಹೂವು, ಬ್ಯಾಂಡು, ಊಟದ ಪಂಗತಿ. ನಾನು ಸುಖದ ಮೇಲೆ ಮಾತ್ರ ಹಾರಿದವನು.

ಆಮೇಲೆ ಒಂದು ಶ್ರಾವಣದಲ್ಲಿ ಹೊಳೆ ಬಂತು.

ಬೇರೆ ಕಡೆ ನೆರೆಗೆ ಮುಂಚೆ ಮೋಡ ಬರುತ್ತದೆ, ಗುಡುಗು ಬರುತ್ತದೆ, ಜನ ಎಚ್ಚರಗೊಳ್ಳುತ್ತಾರೆ. ನಮ್ಮ ಕಡೆ ಹಾಗಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿರುತ್ತದೆ, ಬಿಸಿಲು ಬಿದ್ದಿರುತ್ತದೆ, ಹೊಳೆ ಮಾತ್ರ ಸದ್ದಿಲ್ಲದೆ ಏರುತ್ತಿರುತ್ತದೆ. ಮಳೆ ಸುರಿದಿರುವುದು ದೂರದ ಘಟ್ಟದಲ್ಲಿ; ಮುಳುಗುವುದು ಇಲ್ಲಿಯ ಕಬ್ಬು. ಆ ವರ್ಷ ಕಬ್ಬು ಮಾತ್ರವಲ್ಲ, ಹೊಲಗಳ ನಡುವೆ ಒಂಟಿ ಒಂಟಿಯಾಗಿ ನಿಂತ ತೋಟದ ವಸ್ತಿಗಳೂ ಮುಳುಗಿದವು. ವಸ್ತಿ ಎಂದರೆ ಹೊಲದಲ್ಲೇ ಕಟ್ಟಿಕೊಂಡ ಮನೆ. ಊರಿಗೆ ಒಂದು ಕೂಗು ಹಾಕಿದರೆ ಕೇಳಿಸದಷ್ಟು ದೂರ.

ಕ್ಯಾಮೆರಾ ಇರುವ ಡ್ರೋನ್ ಯಾರ ಹತ್ತಿರವಿದ್ದರೂ ತರಬೇಕೆಂದು ಕರೆ ಬಂತು. ಚಿದಾನಂದ ನನ್ನನ್ನು ಎದೆಗವಚಿಕೊಂಡು ಕರೇದಿನ್ನಿಯ ಶಾಲೆಗೆ ಬಂದ. ದಿನ್ನಿಯ ಮೇಲಿದ್ದ ಆ ಶಾಲೆಯೇ ನೆರೆ ಕೆಲಸದ ಠಾಣೆಯಾಗಿತ್ತು. ಅಲ್ಲಿಂದ ಕೆಳಗೆ ನೋಡಿದ; ಕಣ್ಣು ಹಾಯುವವರೆಗೂ ಕೆಂಪು ನೀರು.

“ನನಗ ಮಂಟಪದ ಮ್ಯಾಲೆ ಹಾರಸೂದಷ್ಟ ಗೊತ್ರಿ. ಇಷ್ಟು ನೀರು ನೋಡಿದ್ರ ಎದಿ ಝಲ್ಲಂತೈತಿ,” ಎಂದು ನನ್ನನ್ನು ಒಬ್ಬ ಹುಡುಗಿಯ ಕೈಗಿತ್ತ.

ಆಕೆ ದ್ರಾಕ್ಷಾಯಣಿ. ಹೊಲಕ್ಕೆ ಔಷಧಿ ಸಿಂಪಡಿಸುವ ದೊಡ್ಡ ಡ್ರೋನ್ ನಡೆಸಲು ತರಬೇತಿ ಪಡೆದವಳು. ಸೆರಗನ್ನು ಸೊಂಟಕ್ಕೆ ಬಿಗಿದು, ನನ್ನನ್ನು ತಿರುವಿ ಮುರುವಿ ನೋಡಿ, ಗಿರಗಿಟ್ಟಲೆಗೆ ಅಂಟಿದ್ದ ಯಾವುದೋ ಮದುವೆಯ ಬಣ್ಣದ ಕಾಗದ ಕಿತ್ತೆಸೆದಳು. “ಸಾಕು ನಿನ್ನ ಶೃಂಗಾರ. ಇನ್ನ ದುಡಿ,” ಎಂದಳು. ನನಗೆ ಇಷ್ಟವಾದಳು.

ಠಾಣೆಯ ಉಸ್ತುವಾರಿ ಇನಾಮದಾರ ಸರ್ ಅವರದು. ಅವರು ಶಾಲೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೊಳೆ, ದಾರಿ, ಊರು, ವಸ್ತಿ ಎಲ್ಲ ಬರೆದಿದ್ದರು. ನೀರು ಏರಿದ ಹಾಗೆ ಅಳಿಸಿ ಮತ್ತೆ ಬರೆಯುತ್ತಿದ್ದರು. ಕೆಲಸಕ್ಕೆ ಅವರದೊಂದು ಕಟ್ಟಳೆಯಿತ್ತು. ಸುದ್ದಿ ತರಲು ಮೂವರು: ಕಣ್ಣು, ಗಾಲಿ, ಕಾಲು. ಕಣ್ಣು ಎಂದರೆ ನಾನು. ಗಾಲಿ ಎಂದರೆ ಉಳಿದಷ್ಟು ದಾರಿಯಲ್ಲಿ ಓಡಾಡುವ ಜೀಪು, ಟ್ರ್ಯಾಕ್ಟರು. ಕಾಲು ಎಂದರೆ ಗಂಜಿಕೇಂದ್ರಗಳಲ್ಲಿ ಕೂತ ಜನರ ನಡುವೆ ಓಡಾಡಿ, ನಿಮ್ಮ ಮನೆಯವರೆಲ್ಲ ಬಂದರೇ, ಪಕ್ಕದ ವಸ್ತಿಯವರು ಎಲ್ಲಿ ಎಂದು ಕೇಳಿಕೊಂಡು ಬರುವವರು. ಮೂವರಲ್ಲಿ ಇಬ್ಬರ ಮಾತು ಕೂಡಿದರೆ ಮಾತ್ರ ಹಲಗೆಯ ಮೇಲೆ ಗುರುತು ಬೀಳುತ್ತಿತ್ತು. ಗುರುತು ಬಿದ್ದಲ್ಲಿಗೆ ಮಾತ್ರ ರಬ್ಬರ್ ದೋಣಿ ಹೋಗುತ್ತಿತ್ತು. ದೋಣಿ ಕಡಿಮೆ, ನೀರು ಜಾಸ್ತಿ. ಸುಳ್ಳು ಸುದ್ದಿಯ ಬೆನ್ನು ಹತ್ತಿ ಹೋದರೆ ನಿಜವಾಗಿ ಕೂಗುವವರು ಮುಳುಗುತ್ತಾರೆ.

ಮೇಲಿಂದ ನನಗೆ ಕಾಣಲೆಂದು ಒಂದು ಸನ್ನೆಯನ್ನೂ ಗೊತ್ತು ಮಾಡಿದ್ದರು. ಮನೆಯಲ್ಲಿ ಜನರಿದ್ದರೆ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಬೇಕು. ರೋಗಿಗಳಿದ್ದರೆ ಕೆಂಪು. ಇದನ್ನು ಊರೂರಿಗೆ ಸಾರಿದ್ದು ದುಂಡಪ್ಪ.

ದುಂಡಪ್ಪ ಜೀಪಿನ ಮಾಲೀಕ, ಡ್ರೈವರ್, ಎರಡೂ. ಸಂತೆಗೆ ಜನರನ್ನು ತುಂಬಿಕೊಂಡು ಹೋಗುತ್ತಿದ್ದ ಜೀಪಿಗೆ ಧ್ವನಿವರ್ಧಕ ಕಟ್ಟಿ ನೆರೆ ಕೆಲಸಕ್ಕೆ ಬಿಟ್ಟಿದ್ದ. ಅವನ ಗಂಟಲು ತಮಟೆಯಂಥದ್ದು. ನೀರು ಇನ್ನೂ ಏರುತ್ತಿದ್ದಾಗ ಏರಿಯ ಮೇಲೆ ಜೀಪು ಓಡಿಸುತ್ತ, “ಕೇಳ್ರಪೋ ಕೇಳ್ರಿ! ಮಂದಿ ಇದ್ರ ಬಿಳಿ ಬಟ್ಟಿ, ಜಡ್ಡಿದ್ದವರಿದ್ರ ಕೆಂಪು ಬಟ್ಟಿ!” ಎಂದು ಕೂಗಿದ್ದ. ದಾರಿ ಮುಳುಗಿ ಜೀಪು ಹಿಂದಿರುಗುವಾಗಲೂ ಕೂಗುತ್ತಲೇ ಬಂದಿದ್ದ.

ನಾನು ಇಳಿಯುತ್ತಿದ್ದದ್ದು ಅವನ ಜೀಪಿನ ಬಾನೆಟ್ಟಿನ ಮೇಲೆ. ಹಾಗಾಗಿ ಅವನ ಮಾತೆಲ್ಲ ನನಗೆ ಕೇಳುತ್ತಿತ್ತು. ಮೊದಲ ದಿನವೇ ಅವನು ದ್ರಾಕ್ಷಾಯಣಿಯ ಹತ್ತಿರ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತ.

“ಏನ್ ಕಾಕಾ?”

“ಏನಿಲ್ಲ ತಂಗಿ. ಆ ಕಡೆ, ಜೋಡಿ ಬೇವಿನ ಗಿಡದ ಹಿಂದ, ಸಿದರಾಯನ ವಸ್ತಿ ಐತಿ. ನನ್ನ ಅಳಿಯಾ. ನಮ್ಮ ಕಸ್ತೂರಿಗೆ ದಿನಾ ತುಂಬ್ಯಾವು. ಚೊಚ್ಚಲ. ಪಂಚಮಿ ಮುಗದ ಮ್ಯಾಲೆ ಹೆರಿಗಿಗೆ ಕರಕೊಂಡ ಬರೂದಿತ್ತು. ಅಷ್ಟ್ರಾಗ ಹೊಳಿ ಬಂತು. ಫೋನ್ ಹತ್ತವಲ್ದು. ಹಾರಸ್ತೀಯಲ್ಲ, ಒಂದೀಟು ಅತ್ತಾಗೂ ನೋಡಿದ್ರ...”

ದ್ರಾಕ್ಷಾಯಣಿ ನೋಡಿದಳು. ಎಂದರೆ ನಾನು ನೋಡಿದೆ. ಜೋಡಿ ಬೇವಿನ ತಲೆ ಮಾತ್ರ ನೀರಿನ ಮೇಲಿತ್ತು. ಅದರ ಹಿಂದೆ ಗೋಡೆ ಅರ್ಧ ಮುಳುಗಿದ ಮಣ್ಣಿನ ಮಾಳಿಗೆ ಮನೆ. ಶ್ರಾವಣದ ತೇವಕ್ಕೆ ಮಾಳಿಗೆಯ ಮೇಲೆ ಹುಲ್ಲು ಬೆಳೆದಿತ್ತು. ಸುತ್ತಲೂ ಕಬ್ಬಿನ ಗರಿ. ಹಸಿರಿನ ನಡುವೆ ಹಸಿರು. ಮೂಲೆಯಲ್ಲಿ ಬೆಳಕಿಂಡಿಯ ಮೇಲೆ ಹೊದಿಸಿದ ತಾಡಪಾಲು. ಮನುಷ್ಯರಿಲ್ಲ. ಬಿಳಿಯಿಲ್ಲ, ಕೆಂಪಿಲ್ಲ.

ಅದೇ ಹೊತ್ತಿಗೆ ಕಾಲಿನವರೂ ಸುದ್ದಿ ತಂದರು. ಗಂಜಿಕೇಂದ್ರದಲ್ಲಿದ್ದ ಪಕ್ಕದ ವಸ್ತಿಯ ಮುದುಕನೊಬ್ಬ ಹೇಳಿದ್ದ: “ಸಿದರಾಯನ ಮನಿಯವರು ದನಾ ಹೊಡಕೊಂಡು ಹ್ವಾದ್ರಲ್ಲ. ನಾನ ಕಣ್ಣಾರೆ ನೋಡೀನಿ.” ನಮ್ಮ ಕಡೆ ದನ ಹೊರಟಿತೆಂದರೆ ಮನೆ ಹೊರಟಿತೆಂದೇ ಲೆಕ್ಕ. ಎಮ್ಮೆ ಬಿಟ್ಟು ಯಾರೂ ಹೋಗುವುದಿಲ್ಲ, ಎಮ್ಮೆ ಕಳಿಸಿ ಯಾರೂ ಉಳಿಯುವುದಿಲ್ಲ. ಕಣ್ಣೂ ಕಾಲೂ ಒಂದೇ ಮಾತು ಹೇಳಿದ್ದವು. ಇನಾಮದಾರ ಸರ್ ಹಲಗೆಯ ಮೇಲೆ ಆ ವಸ್ತಿಗೆ ಖಾಲಿ ಎಂಬ ಗುರುತು ಹಾಕಿದರು.

“ಆಚೀ ದಂಡಿಗೆ ಹೋಗಿರಬೇಕ್ರಿ ದುಂಡಪ್ಪ. ಅಲ್ಲೂ ಕೇಂದ್ರ ತೆರದಾರ. ಕೇಳಸ್ತೀನಿ,” ಎಂದರು.

“ಹೌದ್ರಿ ಸಾಹೇಬ್ರ. ಹಂಗ ಇರಬೇಕು,” ಎಂದ ದುಂಡಪ್ಪ.

ಅವನು ದೋಣಿ ಕೇಳಲಿಲ್ಲ. ಅವನ ಎದುರೇ ಹಲಗೆಯ ಮೇಲೆ ಬಿಳಿ ಗುರುತುಗಳು ಸಾಲುಗಟ್ಟಿದ್ದವು. ಪ್ರತಿಯೊಂದರ ಕೆಳಗೂ ಯಾರದೋ ಮಗಳಿದ್ದಳು. ಅವರನ್ನು ಜೀಪಿನಲ್ಲಿ ಹೊತ್ತು ತರುವವನೇ ಅವನು. ಬಂದವರನ್ನು ಇಳಿಸುವಾಗ ಒಬ್ಬೊಬ್ಬರಿಗೂ ಮೆಲ್ಲಗೆ ಕೇಳುತ್ತಿದ್ದ: “ದಿನಾ ತುಂಬಿದ ಹೆಣಮಗಳು ಯಾರರ ಕಂಡ್ರೇನವ್ವ?” ಯಾರೂ ಕಂಡಿರಲಿಲ್ಲ. ಅವನು ಮತ್ತೆ ಜೀಪು ತಿರುಗಿಸುತ್ತಿದ್ದ. ಧ್ವನಿವರ್ಧಕದಲ್ಲಿ ಅವನ ಕೂಗು ಮೊದಲಿನಷ್ಟೇ ಗಟ್ಟಿ. ಬಾನೆಟ್ಟಿನ ಮೇಲೆ ಕೂತ ನನಗೆ ಮಾತ್ರ ಅವನು ಸ್ಟೇರಿಂಗ್ ಹಿಡಿದು ಗೊಣಗುವುದು ಕೇಳುತ್ತಿತ್ತು: “ಫೋನರ ಹಚ್ಚಬಾರದೇನ ಈ ಸಿದರಾಯ, ಫೋನರ ಹಚ್ಚಬಾರದೇನ.”

ಮರುದಿನ ಬೆಳಿಗ್ಗೆ ಮತ್ತೊಮ್ಮೆ ಆ ಕಡೆ ಹಾರಿದೆ. ಆಗಲೂ ಅಷ್ಟೇ. ಬೇವು, ಹುಲ್ಲು, ತಾಡಪಾಲು.

ಮಧ್ಯಾಹ್ನ ಗಾಳಿ ಎದ್ದಿತು. ಹಾರಿಸುವ ಹಾಗಿರಲಿಲ್ಲ. ದ್ರಾಕ್ಷಾಯಣಿ ಜೀಪಿನಲ್ಲಿ ಕೂತು ಚುರುಮುರಿ ತಿನ್ನುತ್ತ, ನಾನು ತೆಗೆದ ಚಿತ್ರಗಳನ್ನು ಒಂದೊಂದಾಗಿ ಪರದೆಯ ಮೇಲೆ ಸರಿಸುತ್ತಿದ್ದಳು. ಪಕ್ಕದಲ್ಲಿ ದುಂಡಪ್ಪ.

“ತಂಗಿ, ಸಿದರಾಯನ ಮನಿ ಒಮ್ಮಿ ತೋರಸು. ಖಾಲಿ ಇದ್ರೂ ಚಿಂತಿಲ್ಲ. ಮಗಳು ಓಡಾಡಿದ ಮಾಳಗಿ, ನೋಡೇನು.”

ಆಕೆ ತೋರಿಸಿದಳು. ಅವನು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದ. ಬಹಳ ಹೊತ್ತು ನೋಡಿದ.

“ಈ ಹುಲ್ಲಿಗೆ ಅಂಚು ಯಾಕೈತಿ?”

“ಎಲ್ಲಿ?” ಆಕೆ ಚುರುಮುರಿಯ ಪೊಟ್ಟಣ ಕೆಳಗಿಟ್ಟಳು. ಹಸಿರಿನ ಬದಿಗೆ ಕೂದಲೆಳೆಯಷ್ಟು ತೆಳ್ಳಗೆ, ಹಾವಿನ ಮರಿಯ ಹಾಗೆ, ಒಂದು ಕೆಂಪು ಗೆರೆ. ಆಕೆ ಹಿಂದಿನ ದಿನದ ಚಿತ್ರ ತೆಗೆದು ಪಕ್ಕದಲ್ಲಿಟ್ಟಳು. ಒಂದರಿಂದ ಒಂದಕ್ಕೆ ಕಣ್ಣು ಓಡಿಸಿದಳು. “ಕಾಕಾ, ನಿನ್ನಿ ಈ ಹುಲ್ಲು ತಾಡಪಾಲಿನ ಕಡೆ ಇತ್ತು. ಇವತ್ತ ಈಚಿ ತುದಿಗೆ ಬಂದೈತಿ.”

ದುಂಡಪ್ಪನ ತಮಟೆಯಂಥ ಗಂಟಲಿನಿಂದ ಹೊರಟದ್ದು ಉಸಿರಿನಷ್ಟೇ ಸದ್ದು.

“ಅದು ಹುಲ್ಲಲ್ಲವ್ವ. ಅದು ಸೀರಿ. ಕುಬಸಕ್ಕ ನಾ ತಂದ ಸೀರಿ.”

ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಹರಸುವುದೇ ಕುಬಸ. ಅಂದು ಉಟ್ಟ ಸೀರೆಯನ್ನು ಕಸ್ತೂರಿಯ ಮನೆಯವರು ಮಾಳಿಗೆಯ ಹುಲ್ಲಿನ ಮೇಲೆ ಹಾಸಿದ್ದರು. ಯಾಕೆ ಹಾಸಿದರು, ಯಾಕೆ ಅದನ್ನೇ ಹಾಸಿದರು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಇಬ್ಬರೂ ಹಲಗೆಯ ಹತ್ತಿರ ಓಡಿದರು. ನನ್ನನ್ನು ದ್ರಾಕ್ಷಾಯಣಿ ಕಂಕುಳಲ್ಲಿ ಇರುಕಿಕೊಂಡಿದ್ದಳು.

ಇನಾಮದಾರ ಸರ್ ಚಿತ್ರ ನೋಡಿದರು. “ಅವಸರದಾಗ ಬಿಟ್ಟು ಹೋದ ಸೀರಿನೂ ಇರಬಹುದಲ್ಲ?”

“ಬಿಟ್ಟು ಹೋದ ಸೀರಿ ತಾನಾಗೇ ಜಾಗಾ ಬದಲಸೂದಿಲ್ರಿ ಸರ್,” ಎಂದಳು ದ್ರಾಕ್ಷಾಯಣಿ. “ಗಾಳಿ ಎದ್ದಿದ್ದು ಈಗ. ಬೆಳಗಿನ ಚಿತ್ರದಾಗ ಅದರ ನಾಕೂ ಮೂಲಿಗೆ ಕಲ್ಲು ಹೇರ್ಯಾರ, ನೋಡ್ರಿ.”

ಸರ್ ಅಂಗೈಯಿಂದಲೇ ಖಾಲಿ ಎಂಬ ಗುರುತು ಅಳಿಸಿದರು. “ಇರೂದೊಂದು ದೋಣಿ ಬಿಡಸ್ತೀನಿ. ಆದ್ರ ಗಾಳಿ ನೋಡ್ರಿ. ಕಬ್ಬಿನಾಗ ಹೊಕ್ಕರ ದಿಕ್ಕು ತಿಳಿಯೂದಿಲ್ಲ. ಯಾರು ದಾರಿ ತೋರಸೂದು?”

ದ್ರಾಕ್ಷಾಯಣಿ ನನ್ನ ಬೆನ್ನಿನ ಬ್ಯಾಟರಿ ತೆಗೆದು ಹೊಸದು ಕೂಡಿಸಿದಳು.

ಆ ಗಾಳಿಯಲ್ಲೇ ಹಾರಿದೆ. ಒಂದು ಮಾರು ಮುಂದೆ ಹೋದರೆ ಅರ್ಧ ಮಾರು ಹಿಂದೆ. ಕೆಳಗೆ ದೋಣಿ ಬೇರಿನಿಂದ ಕಿತ್ತ ಹೂವಿನ ಹಾಗೆ ಹೊಯ್ದಾಡುತ್ತಿತ್ತು. ಅದರ ಮುಂದಿನ ತುದಿಯಲ್ಲಿ ಉದ್ದನೆಯ ಬಿದಿರು ಹಿಡಿದ ದುಂಡಪ್ಪನ ನೆತ್ತಿ, ಹಿಂದೆ ಇಬ್ಬರು ಅಂಬಿಗರ ನೆತ್ತಿ. ಕಬ್ಬಿನ ಗರಿಗಳ ನಡುವೆ ಎಲ್ಲ ಓಣಿಗಳೂ ಒಂದೇ ಥರ. ದೋಣಿ ಒಂದು ಓಣಿಗೆ ಹೊಕ್ಕಿತು, ಗರಿಯಲ್ಲಿ ಸಿಕ್ಕಿತು, ಹಿಂದೆ ಸರಿಯಿತು, ಮತ್ತೊಂದಕ್ಕೆ ಹೊಕ್ಕಿತು. ಮೂವರೂ ಆಗಾಗ ಮುಖ ಮೇಲೆತ್ತಿ ನನ್ನನ್ನು ಹುಡುಕುತ್ತಿದ್ದರು. ಮನೆಯ ಮೇಲೆ ನಾನು ನೆಟ್ಟಗೆ ನಿಂತಿರಬೇಕು. ನಾನಿದ್ದಲ್ಲಿ ಮನೆಯಿದೆ, ನಾನು ಕಂಡರೆ ದಾರಿ ಕಂಡಂತೆ.

ಆದರೆ ಗಾಳಿಗೆ ಎದುರು ನಿಲ್ಲುವುದೆಂದರೆ ಓಡುವುದಕ್ಕಿಂತ ದಣಿವು. ಬ್ಯಾಟರಿ ಬಸಿಯುತ್ತಿತ್ತು. ಈಗ ಹಿಂದಿರುಗು, ಇಲ್ಲವೇ ಬೀಳುತ್ತೀಯ ಎಂದು ನನ್ನೊಳಗಿನ ಎಚ್ಚರಿಕೆ ಮಿಣುಕತೊಡಗಿತು. ನಮ್ಮಂಥವರಿಗೆ ಅದು ಹುಟ್ಟಿನಿಂದ ಬಂದ ಬುದ್ಧಿ. ಶಕ್ತಿ ಮುಗಿಯುವ ಮುಂಚೆ ಮನೆಗೆ ಮರಳಬೇಕು. ನಾನು ತಿರುಗಿದೆ. ದಿನ್ನಿಯ ಮೇಲಿಂದ ದ್ರಾಕ್ಷಾಯಣಿಯ ಬೆರಳು ನನ್ನನ್ನು ತಡೆಯಿತು. ಮತ್ತೆ ತಿರುಗಿದೆ. ಮತ್ತೆ ತಡೆದಳು. ಕೆಳಗೆ ದೋಣಿ ಆಗ ಸರಿಯಾದ ಓಣಿಗೆ ಹೊಕ್ಕಿತ್ತು. ಮೂರನೆಯ ಸಲ ನಾನೇ ತಿರುಗಲಿಲ್ಲ. ಯಂತ್ರಕ್ಕೆ ಮನಸ್ಸೆಲ್ಲಿ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ತಿರುಗಲಿಲ್ಲ, ಅಷ್ಟೇ.

ಕಣ್ಣಿಗೆ ಕಪ್ಪು ಕವಿಯಿತು. ಧೊಪ್ಪನೆ ಹುಲ್ಲಿನ ಮೇಲೆ ಬಿದ್ದೆ. ಒಂದು ತೋಳು ಮುರಿಯಿತು. ಗಿರಗಿಟ್ಟಲೆಗಳು ನಿಂತವು. ನಿಂತ ಕೂಡಲೇ ಕಿವಿ ತೆರೆಯಿತು.

“ಬಿತ್ತು! ಬಿತ್ತು ನೋಡು ಹದ್ದು!” ತಾಡಪಾಲಿನ ಕೆಳಗಿಂದ ಒಂದು ಮುದಿ ದನಿ. “ನಾ ಹೇಳಿದ್ದಿಲ್ಲೇನ? ಬಸುರಿ ಮ್ಯಾಲೆ ಹಾರೂದು ಹಾಯಬಾರದು. ನಿನ್ನಿಯಿಂದ ಈ ಮನಿ ಮ್ಯಾಲೆ ಸುತ್ತು ಹಾಕಾಕತ್ತೈತಿ. ಒಳಗ ಸರಿ, ಅದರ ನೆಳ್ಳು ಬಿದ್ದೀತು!”

“ಅತ್ತಿ, ಅದು ಹದ್ದಲ್ಲ... ಅವ್ವಾ...” ನೋವಿನ ನಡುವೆ ಒಂದು ಎಳೆಯ ದನಿ ನಗುತ್ತಿತ್ತು. “ಡ್ರೋನ್ ಐತಿ. ನಮ್ಮ ಮದಿವ್ಯಾಗ ಬಂದಿತ್ತಲ್ಲ, ಅಂಥಾದ್ದು.”

“ಯಾವುದರ ಇರಲಿ. ಹಾರತೈತಿಲ್ಲೋ?”

ಆಗ ಗೊತ್ತಾಯಿತು ನನಗೆ. ಎರಡು ದಿನದಿಂದ ಅವರು ಅಲ್ಲೇ ಇದ್ದರು. ನಾನು ಹುಡುಕಿಕೊಂಡು ಬಂದಾಗಲೆಲ್ಲ ನನ್ನ ಸದ್ದು ಕೇಳಿ, ಹಕ್ಕಿಯ ನೆರಳು ಬಸುರಿಗೆ ತಾಕದಿರಲೆಂದು, ಅತ್ತೆ ಬಾಳವ್ವ ಸೊಸೆಯನ್ನು ಬೆಳಕಿಂಡಿಯ ಏಣಿಯಿಂದ ಅಟ್ಟಕ್ಕೆ ಇಳಿಸುತ್ತಿದ್ದಳು. ನಾನು ಬಂದದ್ದಕ್ಕೇ ಅವರು ನನಗೆ ಕಾಣಲಿಲ್ಲ. ಸಿದರಾಯ ದನಗಳನ್ನು ಆಚೆಯ ದಿನ್ನೆ ಹತ್ತಿಸಿ ತಿರುಗಿ ಬರುವೆನೆಂದು ಹೋಗಿದ್ದ. ಅವನ ಹಿಂದೆಯೇ ನೀರು ದಾರಿ ನುಂಗಿ, ಅವನು ಅಲ್ಲೇ ಉಳಿಯಬೇಕಾಗಿತ್ತು.

ಬಾಳವ್ವ ಒಂದು ಕೌದಿ ತಂದು ನನ್ನ ಮೇಲೆ ಒಗೆದಳು. ಹಳೆ ಸೀರೆಗಳ ವಾಸನೆಯ ಆ ಕತ್ತಲಲ್ಲಿ ನಾನು ಮಲಗಿದ್ದೆ. ಕಸ್ತೂರಿಯ ನರಳಾಟ ಏರುತ್ತಿತ್ತು. ಗಾಳಿ ಕಬ್ಬನ್ನು ಸೀಳುತ್ತಿತ್ತು. ಮುದುಕಿ ಸೊಸೆಯ ಬೆನ್ನು ನೀವುತ್ತ ಏನೇನೋ ದೇವರ ಹೆಸರು ಹೇಳುತ್ತಿದ್ದಳು. ಮಧ್ಯೆ ಮಧ್ಯೆ ಮಗನನ್ನೂ ಬೈಯುತ್ತಿದ್ದಳು.

ಆಗ ಕಬ್ಬಿನಾಚೆಯಿಂದ ಆ ತಮಟೆ ಬಡಿಯಿತು.

“ಕಸ್ತೂರೀ!”

“ಅಪ್ಪಾ!”

“ಇಲ್ಲೇ ಅದೀವ್ರಿ ಬೀಗರ!” ಬಾಳವ್ವ ಎದ್ದು ಕೂಗಿದಳು. “ಸಾವಕಾಶ ಬರ್ರಿ! ಈ ಸಾಲು ಬೀಜದ ಕಬ್ಬು ಐತಿ, ಮುರೀಬ್ಯಾಡ್ರಿ!”

ಅಂಬಿಗರು ನಕ್ಕದ್ದು ನನಗೆ ಕೌದಿಯೊಳಗೂ ಕೇಳಿಸಿತು.

ಕಸ್ತೂರಿಯನ್ನು ಇಳಿಸಿದರು. ಬಾಳವ್ವ ಹಸಿರು ಸೀರೆಯನ್ನು ಮಡಚಿ ಸೊಸೆಯ ತಲೆಯಡಿ ಇಟ್ಟಳು. ನನ್ನನ್ನು ಅಲ್ಲೇ ಬಿಡಬೇಕೆಂದಳು, ದುಂಡಪ್ಪ ಕೇಳಲಿಲ್ಲ. ಕೌದಿ ಸಮೇತ ಎತ್ತಿ ಅವಳ ಮಡಿಲಿಗೇ ಹಾಕಿದ. ದೋಣಿ ಹೊರಟ ಮೇಲೆ ಅವನ ಸಿಟ್ಟು ಹೊರಬಿತ್ತು.

“ಅಲ್ಲ ಬೀಗತಿ, ಒಂದು ಬಿಳಿ ಬಟ್ಟಿ ಹಾಸಾಕ ಏನಾಗಿತ್ತು ನಿಮಗ? ಖಾಲಿ ಮನಿ ಅಂತ ಬರದಿದ್ರು. ಖಾಲಿ! ಡ್ರೋನ್ ಹಾರಸೂ ಆ ತಂಗಿ ಚಿತ್ರ ತಗದು ತೋರಸದಿದ್ರ ನನ್ನ ಮಗಳ ಹೆಣ ಬರತಿತ್ತು. ನಾ ಕೂಗಿದ್ದು ಕೇಳಲಿಲ್ಲೇನು?”

“ಕೇಳತು ಬೀಗರ. ನಿಮ್ಮದ ದನಿ ಅಂತನೂ ತಿಳೀತು.”

“ಮತ್ತ?”

ಬಾಳವ್ವ ನನ್ನ ಮೇಲಿದ್ದ ಕೌದಿಯ ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದಳು. “ದಿನಾ ತುಂಬಿದ ಹುಡುಗಿ ತಲಿ ಮ್ಯಾಲೆ ಬಿಳಿ ಬಟ್ಟಿ ಹಾಸೂದಾ? ಅದನ್ನ ಯಾವಾಗ ಹಾಸ್ತಾರ ನಿಮಗ ಗೊತ್ತಿಲ್ಲೇನು? ಕೆಂಪು ಹಾಸೋಣಂದ್ರ ಜಡ್ಡಿನವರಿಗೆ ಅಂದ್ರಿ. ಬಸುರಿಗೆ ಜಡ್ಡು ಅಂತ ಹೆಸರಿಡಲೇನು? ಕೈ ಬರಲಿಲ್ರಿ. ಮನ್ಯಾಗ ಶುಭದ ಬಟ್ಟಿ ಅದೊಂದ ಇತ್ತು. ಹಾಸಿದ್ನಿ. ಕಾಣವಲ್ದೇನೋ ಅಂತ ಇವತ್ತ ಜಾಗಾ ಬದಲಸಿ ಕಲ್ಲು ಇಟ್ನಿ. ಹುಡುಕೂ ಮನಸ್ಸಿದ್ದವರಿಗೆ ಕಂಡೀತು ಅಂದುಕೊಂಡ್ನಿ.”

“ಬಣ್ಣದ ಸಲವಾಗಿ ನನ್ನ ಮಗಳ ಜೀವಾ...”

“ನನಗೂ ಆಕಿ ಮಗಳರಿ!”

ಜಗಳಕ್ಕೆ ಹೊತ್ತು ಉಳಿದಿರಲಿಲ್ಲ. ಶಾಲೆ ಮುಟ್ಟಿದ ಸ್ವಲ್ಪ ಹೊತ್ತಿಗೆ, ಮಕ್ಕಳ ಚಿತ್ರಗಳಿದ್ದ ಒಂದನೆಯ ತರಗತಿಯ ಕೋಣೆಯಲ್ಲಿ, ನರ್ಸಮ್ಮನ ಕೈಗೆ ಹೆಣ್ಣುಕೂಸು ಬಂತು. ಬಾಗಿಲ ಹೊರಗೆ ಜೀಪಿನ ಬಾನೆಟ್ಟಿನ ಮೇಲೆ ನಾನಿದ್ದೆ. ಕೂಸು ಅತ್ತದ್ದು ಕೇಳಿತು. ದುಂಡಪ್ಪ ಬಾನೆಟ್ಟಿಗೆ ಹಣೆ ಹಚ್ಚಿ ನಿಂತಿದ್ದ. ಅವನ ಭುಜ ಅಲುಗುತ್ತಿತ್ತು. ನನ್ನ ಮುರಿದ ತೋಳೂ ಅದರ ಜೊತೆ ಅಲುಗಿತು.

ಮರುದಿನ ಬಾಳವ್ವ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು ನಿವಾಳಿಸಿದಳು. ಕೂಸಿಗಲ್ಲ, ನನಗೆ.

“ಏನವ್ವಾ, ಇದಕ್ಕ್ಯಾಕ?” ಎಂದು ದ್ರಾಕ್ಷಾಯಣಿ ನಕ್ಕಳು.

“ಮಂದಿಯೆಲ್ಲಾ ಇದನ್ನ ನೋಡಾಕತ್ತಾರ. ದಿಟ್ಟಿ ಆಗತೈತಿ.”

ದಿಟ್ಟಿ ತೆಗೆದರೂ ನಾನು ಮತ್ತೆ ಹಾರಲಿಲ್ಲ. ಪೇಟೆಯ ರಿಪೇರಿಯವನು ಬಿಚ್ಚಿ ನೋಡಿ, ಬಿದ್ದ ಏಟಿಗೆ ಒಳಗೆಲ್ಲ ಮುರಿದಿದೆ, ಇದರ ಕಥೆ ಮುಗಿಯಿತು ಎಂದ. ಚಿದಾನಂದ ಬಂದು ನನ್ನನ್ನು ಕೈಯಲ್ಲಿ ಹಿಡಿದು ಮುರಿದ ತೋಳು ಸವರಿದ. “ಇಲ್ಲೇ ಇರಲಿ ಬಿಡ್ರಿ. ಇನ್ನ ಇದು ಮದಿವಿಗೆ ಬರೂದಿಲ್ಲ,” ಎಂದು ಹೋದ. ನೀರು ಇಳಿದ ಮೇಲೆ ಶಾಲೆಯ ಒಂದು ಕಪಾಟನ್ನು ನೆರೆ ಸಾಮಾನಿಗೆ ಬಿಟ್ಟುಕೊಟ್ಟರು. ಹಗ್ಗ, ತೇಲುವ ಅಂಗಿ, ಧ್ವನಿವರ್ಧಕ, ಅವುಗಳ ಪಕ್ಕದಲ್ಲಿ ನಾನು. ಕಪಾಟಿಗೆ ಗಾಜಿನ ಬಾಗಿಲು. ಪಾಠ ಕೇಳುತ್ತದೆ, ಮಗ್ಗಿ ಕೇಳುತ್ತದೆ. ನನಗಿಂತ ಚುರುಕಾದ ಹೊಸ ಡ್ರೋನ್‌ಗಳು ಬಂದು ಮೇಜಿನ ಮೇಲೆ ಮಿನುಗಿ ಹೋಗುತ್ತವೆ. ಅವುಗಳ ಕಣ್ಣು ಕತ್ತಲಲ್ಲೂ ಮನುಷ್ಯರ ಮೈಬಿಸಿ ಕಾಣುತ್ತದಂತೆ. ನನಗೆ ಹೊಟ್ಟೆಕಿಚ್ಚಿಲ್ಲ. ನೋಡುವುದನ್ನು ನಾನೂ ಬೇಕಾದಷ್ಟು ಮಾಡಿದೆ. ಆ ಸೀರೆಯನ್ನೂ ಎರಡು ಸಲ ನೋಡಿದೆನಲ್ಲ! ಮೇಲಿನಿಂದ ಕಂಡದ್ದು ಹಸಿರು ಮಾತ್ರ. ಅದು ಮಗಳ ಸೀರೆಯಾಗಿ ಕಾಣಲು ಒಬ್ಬ ತಂದೆ ಜೀಪಿನಲ್ಲಿ ಕೂತು ನೋಡಬೇಕಾಯಿತು.

ಈಗ ಪ್ರತಿ ವರ್ಷ ಹೊಳೆ ಏರುವ ಮುಂಚೆ ಇದೇ ಕೋಣೆಯಲ್ಲಿ ಸಭೆ ಸೇರುತ್ತದೆ. ಇನಾಮದಾರ ಸರ್ ಕರಿಹಲಗೆಯ ಮುಂದೆ ನಿಲ್ಲುತ್ತಾರೆ. ಅವರ ತಲೆ ನರೆತಿದೆ. ಮೊದಲಿನ ಹಾಗೆ ಬಣ್ಣ ಹೇಳುವುದಿಲ್ಲ, ಮಾಳಿಗೆಯ ಮೇಲೆ ನೀವು ಏನು ಹಾಸುತ್ತೀರಿ ಎಂದು ಕೇಳುತ್ತಾರೆ. ದ್ರಾಕ್ಷಾಯಣಿ ವಸ್ತಿವಸ್ತಿಯ ಹೆಂಗಸರನ್ನು ಕರೆದು ಮುಂದೆ ಕೂಡಿಸುತ್ತಾಳೆ. ಒಬ್ಬಳು ಕೌದಿ ಎನ್ನುತ್ತಾಳೆ, ಒಬ್ಬಳು ಜಮಖಾನ, ಒಬ್ಬಳು ಮೊರ ಸಾಲಾಗಿಡುತ್ತೇನೆ ಎನ್ನುತ್ತಾಳೆ. ಜಗಳವಾಗುತ್ತದೆ, ನಗುವಾಗುತ್ತದೆ. ಎಲ್ಲರದೂ ಒಂದೇ ಆಗುವುದೇ ಇಲ್ಲ.

ಈ ವರ್ಷದ ಸಭೆಗೆ ಬಾಳವ್ವ ಮೊಮ್ಮಗಳ ಕೈ ಹಿಡಿದು ಬಂದಿದ್ದಳು. ದುಂಡಪ್ಪ ಹಿಂದಿನ ಬೆಂಚಿನಲ್ಲಿದ್ದ. ಆ ದೋಣಿಯ ದಿನದಿಂದ ಇಬ್ಬರ ನಡುವೆ ಹಬ್ಬ ಹುಣ್ಣಿಮೆಯ ಮಾತಷ್ಟೇ. ಆ ಸುದ್ದಿ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಇನಾಮದಾರ ಸರ್ ಅಂಜುತ್ತ ಅಂಜುತ್ತ ಕೇಳಿದರು: “ಬಾಳವ್ವನವರ, ಮತ್ತ ಅಂಥಾ ವ್ಯಾಳೆ ಬಂದ್ರ, ಬಿಳಿ ಹಾಸ್ತೀರೇನು?”

ಬಾಳವ್ವ ಸೆರಗು ಸರಿಮಾಡಿಕೊಂಡಳು. ಹಿಂದೆ ತಿರುಗಿ ಬೀಗನನ್ನು ನೋಡಿದಳು.

“ಇಲ್ರಿ,” ಎಂದಳು. “ಸುಳ್ಳು ಯಾಕ ಹೇಳಲಿ? ಆವಾಗೂ ಕೈ ಬರೂದಿಲ್ಲ.”

ದುಂಡಪ್ಪ ಎದ್ದು ನಿಂತ. ಎಲ್ಲರೂ ಜಗಳ ಕಾದರು. ಅವನು ಟೋಪಿ ತೆಗೆದು, ತಲೆ ಕೆರೆದುಕೊಂಡು, ಆ ತಮಟೆಯ ದನಿಯನ್ನು ಆದಷ್ಟು ತಗ್ಗಿಸಿ ಹೇಳಿದ:

“ಹಾಸಬ್ಯಾಡ್ರಿ ಬೀಗತಿ. ನೀವು ಯಾವ ಬಣ್ಣ ಹಾಸಿದ್ರೂ ನಾ ಬರತೀನಿ.”